ಓಡುವ ಕುದುರೆಯ ಗಂಟಲು

ಎದುರಿಗೆ ಎಲ್ಲರಿಗೂ ಅವಳು ಡಾಕ್ಟ್ರಮ್ಮ, ಬೆನ್ನ ಹಿಂದೆ ಗಂಟಲಮ್ಮ. ಕುದುರೆಗಳ ಆಸ್ಪತ್ರೆ ಎಂದಮೇಲೆ ಒಬ್ಬರು ಕಾಲು ನೋಡುತ್ತಾರೆ, ಒಬ್ಬರು ಹೊಟ್ಟೆ ನೋಡುತ್ತಾರೆ, ಇನ್ನೊಬ್ಬರು ಬಸಿರು ಬಾಣಂತನ ನೋಡುತ್ತಾರೆ. ಇವಳು ಹರೆಯದಲ್ಲಿ ಹಿಡಿದ ಗಂಟಲನ್ನು ತಲೆ ನರೆತರೂ ಬಿಟ್ಟಿರಲಿಲ್ಲ. ಒಂದು ದಿನ ಔಷಧಿ ಕೋಣೆಯವನ ಬಾಯಿತಪ್ಪಿ ಆ ಹೆಸರು ಎದುರಿಗೇ ಬಂದುಬಿಟ್ಟಿತು. ಪಾಪ, ನಾಲಿಗೆ ಕಚ್ಚಿಕೊಂಡು ಕಂಬದ ಹಿಂದೆ ಸರಿದ. ಅವಳು ನಕ್ಕು, “ಇರಲಿ ಬಿಡಪ್ಪ, ಹೊಟ್ಟೆ ನೋಡೋ ಡಾಕ್ಟರಿಗೆ ನೀವು ಇಟ್ಟಿರೋ ಹೆಸರೂ ನನಗೆ ಗೊತ್ತು. ಅವರಿಗಿಂತ ನನ್ನ ಪಾಡು ವಾಸಿ” ಅಂದಳು.

ಅವಳ ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು. ರಸ್ತೆಯ ತಿರುವಿನಲ್ಲಿ ತಗಡಿನ ಮಾಡು, ಒಳಗೆ ಕುಲುಮೆ, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಲಾಳಗಳು. ಅಪ್ಪ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆತ್ತುವಾಗ ಮುಂದೆ ನಿಂತು ಹಗ್ಗ ಹಿಡಿಯುವ ಕೆಲಸ ಮಗಳದು. ಹೀಗಾಗಿ ಅಪ್ಪನಿಗೆ ಕುದುರೆಯೆಂದರೆ ನಾಲ್ಕು ಕಾಲು, ಮಗಳಿಗೆ ಕುದುರೆಯೆಂದರೆ ಎರಡು ಮೂಗಿನ ಹೊಳ್ಳೆ. ಆ ಬಿಸಿಯುಸಿರು ಕುತ್ತಿಗೆಗೆ ಬಡಿಯುತ್ತಲೇ ಅವಳು ಬೆಳೆದಳು.

ಅಪ್ಪನದು ಒಂದೇ ಶಾಸ್ತ್ರ: ರೋಗ ಯಾವುದೇ ಇರಲಿ, ಬುಡ ಗೊರಸಿನಲ್ಲಿ. ಕುದುರೆ ಕೆಮ್ಮಿದರೆ ಗೊರಸು ನೋಡುತ್ತಿದ್ದ, ಹುಲ್ಲು ಬಿಟ್ಟರೆ ಗೊರಸು ನೋಡುತ್ತಿದ್ದ. ತನಗೇ ತಲೆನೋವು ಬಂದರೂ ಚಪ್ಪಲಿ ತೆಗೆದು ಅಂಗಾಲು ನೋಡಿಕೊಳ್ಳುವವನು. “ಕುದುರೆ ಕಂಡರೆ ಕಾಲುನೋವು ಅಂತ ಗಾದೆ ಮಾಡಿದ್ದಾರೆ. ಗಂಟಲು ನೋವು ಅಂತ ಯಾರಾದ್ರೂ ಮಾಡಿದ್ದಾರೇನೆ?” ಎಂದು ಮಗಳನ್ನು ಕೆಣಕುತ್ತಿದ್ದ.

ಆ ಕುಲುಮೆಗೆ ಬಾಡಿಗೆ ಗಾಡಿಯ ಕಂದು ಕುದುರೆಯೊಂದು ಬರುತ್ತಿತ್ತು. ನಿಂತಾಗ ಮಗುವಿನಂಥ ಪ್ರಾಣಿ. ರಸ್ತೆಯ ಏರಿನಲ್ಲಿ ಗಾಡಿಯವನು ಲಗಾಮು ಜಗ್ಗಿ ಹಿಡಿದಾಗ ಮಾತ್ರ ಅದರ ಎದೆಯೊಳಗಿನಿಂದ ಕುಲುಮೆಯ ಹರಿದ ತಿದಿಯ ಹಾಗೆ ಕೊರ್ ಎಂಬ ಸದ್ದು ಬರುತ್ತಿತ್ತು, ಅಲ್ಲೇ ನಿಂತುಬಿಡುತ್ತಿತ್ತು. ಡಾಕ್ಟರು ಬಂದು ಬಾಯಿ ತೆರೆಸಿ ನೋಡಿದರು. ಏನೂ ಇಲ್ಲ, ಮೈಗಳ್ಳತನ ಎಂದರು. ಒಂದು ಬೆಳಿಗ್ಗೆ ಗಾಡಿಗೆ ಬೇರೆ ಕುದುರೆ ಕಟ್ಟಿತ್ತು. ಕಂದು ಎಲ್ಲಿ ಎಂದು ಅವಳು ಕೇಳಿದಳು. ಗಾಡಿಯವನು ಮುಖ ತಿರುಗಿಸಿದ. ಅಪ್ಪ ಆ ಹೊತ್ತು ಸುತ್ತಿಗೆ ಹಿಡಿಯಲಿಲ್ಲ. ಮಗಳು ಮುಂದೆ ಏನೇನೋ ಓದಿದಳು, ಎಲ್ಲೆಲ್ಲೋ ತಿರುಗಿದಳು. ಆ ಕೊರ್ ಎಂಬ ಸದ್ದು ಕಿವಿಯಿಂದ ಇಳಿಯಲಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ಆಳೂ ದೊಡ್ಡವರು, ದನಿಯೂ ದೊಡ್ಡದು. ಕುದುರೆಯನ್ನು ಕಟ್ಟಿ ನಿಲ್ಲಿಸಿ, ಮೂಗಿನಲ್ಲಿ ದೀಪದ ಕೊಳವೆ ಇಳಿಸಿ, ಗಂಟಲು ತೋರಿಸುತ್ತಿದ್ದರು. ಅಲ್ಲಿ ಎರಡು ಪುಟ್ಟ ಬಾಗಿಲು ಕದ ತೆರೆದು ನಿಂತ ಹಾಗಿರುತ್ತವೆ, ನಡುವೆ ಉಸಿರಿನ ದಾರಿ. ಅವಳು ಎದ್ದು ಕೇಳಿದಳು.

“ಸಾರ್, ಸದ್ದು ಮಾಡೋದು ಓಡುವಾಗ. ನಾವು ಯಾಕೆ ನಿಂತಾಗ ನೋಡ್ತೀವಿ?”

“ಮತ್ತೆ ಕುದುರೆ ಜೊತೆ ನೀನೂ ಓಡ್ತೀಯೇನಮ್ಮಾ, ಕೊಳವೆ ಹಿಡ್ಕೊಂಡು?”

ಕೋಣೆಯೆಲ್ಲ ಗೊಳ್ಳೆಂದಿತು. ದೊಡ್ಡ ಡಾಕ್ಟ್ರು ಕೆಟ್ಟವರಲ್ಲ, ನಗು ನಿಂತಮೇಲೆ ಮೆಲ್ಲಗೆ ಹೇಳಿದರು: “ನಿಂತ ಕುದುರೆಯಲ್ಲಿ ಕಾಣದ್ದು ಓಡೋ ಕುದುರೆಯಲ್ಲೂ ಇರಲ್ಲ. ಬರ್ಕೋ.” ಅವಳು ಬರೆದುಕೊಳ್ಳಲಿಲ್ಲ.

ಆಮೇಲಿನ ಅವಳ ಬಾಳೆಲ್ಲ ಆ ಒಂದು ನಗೆಗೆ ಉತ್ತರ ಹುಡುಕಿದ್ದೇ. ಓಡುವ ಕುದುರೆಯ ಗಂಟಲೊಳಗೆ ಕಣ್ಣಿಡುವ ಯಂತ್ರ ಮಾಡಲು ಕುಳಿತಳು. ಬೆರಳಿಗಿಂತ ಸಣ್ಣ ಕೊಳವೆ, ತುದಿಯಲ್ಲಿ ಕ್ಯಾಮೆರಾ, ಕಡಿವಾಣದ ಪಟ್ಟಿಗೆ ಹೊಲಿದ ಹಿಡಿಕೆ, ಜೀನಿನ ಕೆಳಗೊಂದು ಪೆಟ್ಟಿಗೆ. ಮೈದಾನದ ಅಂಚಿನಲ್ಲಿ ಕೂತವರಿಗೆ ಪರದೆಯ ಮೇಲೆ ಗಂಟಲು ಕಾಣಬೇಕು. ಹೇಳುವುದು ಸುಲಭ. ಮೊದಲನೆಯ ಯಂತ್ರವನ್ನು ಕುದುರೆ ಒಂದೇ ಸೀನಿಗೆ ಬೇಲಿಯಾಚೆ ಎಸೆಯಿತು. ಎರಡನೆಯದನ್ನು ಹೊತ್ತ ಕುದುರೆಗೆ ಅದೇನು ಖುಷಿಯೋ, ಮಣ್ಣಿನಲ್ಲಿ ಬಿದ್ದು ಹೊರಳಿತು. ಇನ್ನೊಂದು ಮಳೆಗೆ ಸತ್ತಿತು. “ಮೂಗಿಗಿಂತ ಮೂಗುತಿ ಭಾರ” ಎಂದು ದೊಡ್ಡ ಡಾಕ್ಟ್ರು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಜೊತೆಯವರು ದೊಡ್ಡ ದೊಡ್ಡ ಕುರ್ಚಿಗೆ ಏರಿದರು. ಇವಳು ಬೆಸುಗೆಯ ವಾಸನೆ ಹೊಡೆಯುವ ಸೀರೆಯಲ್ಲೇ ಓಡಾಡಿಕೊಂಡಿದ್ದಳು.

ಕಡೆಗೂ ಒಂದು ಯಂತ್ರ ಓಡುವ ಕುದುರೆಯ ಮೂಗಿನಲ್ಲಿ ನಿಂತಿತು. ಅಲುಗಬಾರದೆಂದು ಅವಳೊಂದು ಕಟ್ಟಳೆ ಮಾಡಿದಳು: ಯಾವ ಸವಾರನೇ ಹತ್ತಲಿ, ಲಗಾಮು ಸಡಿಲ ಬಿಟ್ಟು ಹಾಯಾಗಿ ಓಡಿಸಬೇಕು. ಹಾಗೆ ಓಡಿಸಿದರು. ಪರದೆಯ ಮೇಲೆ ಗಂಟಲು ಬಂತು! ಅವಳು ಕುಣಿದಾಡಿದಳು. ಆದರೆ ಒಂದಾದ ಮೇಲೊಂದು ಕುದುರೆ ನೋಡಿದರೂ ಅದೇ ತೆರೆದ ಕದ, ಅದೇ ನೆಟ್ಟಗಿನ ದಾರಿ. ಸದ್ದು ಮಾಡುತ್ತವೆಂದು ದೂರು ಬಂದ ಕುದುರೆಗಳೂ ಅವಳ ಯಂತ್ರದ ಮುಂದೆ ಸದ್ದಿಲ್ಲದೆ ಓಡಿಹೋಗುತ್ತಿದ್ದವು. “ಕಣ್ಣು ಇಟ್ಟೆ, ಸರಿ. ಕಂಡದ್ದೇನು?” ಎಂದು ಕಂಡವರೆಲ್ಲ ಕೇಳತೊಡಗಿದರು.

ಅಂಥ ಹೊತ್ತಿನಲ್ಲಿ ಬಂದದ್ದು ಸೋಮಾರಿ.

ಸೋಮಾರಿ ಎಂಬುದು ಊರಾಚೆಯ ಸವಾರಿ ಶಾಲೆಯ ಹೆಣ್ಣು ಕುದುರೆ. ತಡೆ ಹಾರುವ ಪಂದ್ಯಕ್ಕೆಂದು ಪಳಗಿಸಿದ್ದರು. ಎಣ್ಣೆ ಹಚ್ಚಿದಂಥ ಕಪ್ಪು ಮೈ, ಹಣೆಯ ಮೇಲೆ ಹಿಟ್ಟು ಮೆತ್ತಿದ ಹಾಗೊಂದು ಬೊಟ್ಟು. ಮೊದಲ ಕೆಲವು ತಡೆಗಳನ್ನು ಹಕ್ಕಿಯ ಹಾಗೆ ದಾಟುವುದು, ಆಮೇಲೆ ಕೊರ್ ಎನ್ನುತ್ತಾ ತಡೆಯ ಮುಂದೆ ಕಾಲೂರಿ ನಿಲ್ಲುವುದು. ಅದಕ್ಕೇ ಆ ಹೆಸರು. ಕಳೆದ ಪಂದ್ಯದಲ್ಲಿ ನಿಲ್ಲಲಾಗದೆ ತಡೆಯ ಮೇಲೆಯೇ ಮುಗ್ಗರಿಸಿ ಸವಾರನ ಭುಜದ ಎಲುಬು ಮುರಿಯಿತು. ಅವನ ಎಲುಬು ಕೂಡಿತು. ಶಾಲೆಯ ಯಜಮಾನನ ಮನಸ್ಸು ಕೂಡಲಿಲ್ಲ.

“ಇದು ಮನುಷ್ಯರ ಜೀವ ತೆಗೆಯೋ ಪ್ರಾಣಿ ಮೇಡಂ. ಮಾರಿದ್ರೆ ಇನ್ಯಾರದೋ ಮಗ ಬೀಳ್ತಾನೆ, ಆ ಪಾಪ ನನಗೆ ಬೇಡ. ದೊಡ್ಡ ಡಾಕ್ಟ್ರಿಗೆ ಹೇಳಿದ್ದೀನಿ, ಶನಿವಾರ ಸಂಜೆ ಬಂದು ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ” ಎಂದ. ಒರಟನಲ್ಲ, ಹೆದರಿದವನು.

ಅವಳು ಲಾಯದ ಬಾಗಿಲಿಗೆ ಹೋದಳು. ಸೋಮಾರಿ ಮೂಗು ಚಾಚಿ ಅವಳ ಕುತ್ತಿಗೆಯ ಮೇಲೆ ಉಸಿರು ಬಿಟ್ಟಿತು. ಕಂದು ಕುದುರೆ ಹೋಗಿ ಎಷ್ಟು ಕಾಲವಾಯಿತು! ಆದರೂ ಅದೇ ಬಿಸಿ.

“ಶನಿವಾರ ಬೆಳಿಗ್ಗೆ ನನಗೆ ಬಿಡಿ. ಇವಳ ಗಂಟಲಲ್ಲಿ ಏನಿದೆ ಅಂತ ತೋರಿಸ್ತೀನಿ. ತೋರಿಸೋಕೆ ಆಗ್ಲಿಲ್ಲ ಅಂದ್ರೆ ಸಂಜೆ ನಿಮ್ಮದು” ಎಂದು ಯಜಮಾನನ ಮುಂದೆ ಮಾತು ಕೊಟ್ಟಳು.

ಶನಿವಾರ ಬೆಳಿಗ್ಗೆ ಯಂತ್ರ ತೊಡಿಸಿದರು. ಭುಜ ಮುರಿದಿದ್ದ ಸವಾರನೇ ಹತ್ತಿದ, ಬೇರೆ ಯಾರೂ ಮುಂದೆ ಬರಲಿಲ್ಲ. ತಡೆಗಳ ಬಳಿ ಹೋಗುವುದು ಬೇಡ, ಬಯಲಲ್ಲೇ ಓಡಿಸು ಎಂದಳು. ಅವನು ಲಗಾಮು ಸಡಿಲ ಬಿಟ್ಟ. ಸೋಮಾರಿ ಕತ್ತು ಮುಂದೆ ಚಾಚಿ ಗಾಳಿಯ ಹಾಗೆ ಸುತ್ತು ಹಾಕಿತು, ಮತ್ತೆ ಹಾಕಿತು. ಪರದೆಯ ಮೇಲೆ ಎರಡು ಕದಗಳು ಹಾರುಹೊಡೆದು ತೆರೆದಿದ್ದವು. ಅವಳು ರೆಪ್ಪೆ ಬಡಿಯದೆ ನೋಡಿದಳು. ಒಂದು ಕೊಂಕೂ ಇಲ್ಲ.

ಸವಾರ ಇಳಿದು ಕುದುರೆಯ ಬೆನ್ನು ತಟ್ಟಿದ. “ಇವತ್ತು ಸದ್ದೂ ಮಾಡ್ಲಿಲ್ಲ ಡಾಕ್ಟ್ರಮ್ಮ.”

“ನೋಡಿ ಮತ್ತೆ, ತಡೆ ಇಲ್ಲ ಅಂದ್ರೆ ಸದ್ದೂ ಇಲ್ಲ” ಎಂದ ಯಜಮಾನ. “ಗಂಟಲು ಚೆನ್ನಾಗೇ ಇದೆ. ಕೆಟ್ಟಿರೋದು ಬುದ್ಧಿ. ನೀವು ಪ್ರಯತ್ನ ಪಟ್ರಿ, ಅಷ್ಟು ಸಾಕು.”

ಆ ಸಮಾಧಾನದ ಮಾತೇ ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಯಂತ್ರವನ್ನು ಚೀಲಕ್ಕೆ ತುಂಬಿಕೊಂಡು, ಸೋಮಾರಿಯ ಮುಖ ನೋಡದೆ ಮನೆಗೆ ಬಂದಳು.

ಮನೆಯಲ್ಲಿ ಅಪ್ಪ ಉಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಗಲ್ಲ ಎದೆಗೆ ಅಂಟಿತ್ತು. ಗೊರಕೆಗೆ ಕಿಟಕಿಯ ಗಾಜು ಅದುರುತ್ತಿತ್ತು. ಅವಳಿಗೆ ಊಟ ಸೇರಲಿಲ್ಲ. ತಟ್ಟೆ ಸರಿಸಿ ಎದ್ದು, ಮುದುಕನ ಕತ್ತು ನೋಯುತ್ತದಲ್ಲ ಎಂದು ಅವನ ಗಲ್ಲ ಎತ್ತಿ ತಲೆಯನ್ನು ಹಿಂದಕ್ಕೆ ಒರಗಿಸಿದಳು.

ಗೊರಕೆ ನಿಂತಿತು.

ಅವಳು ಎರಡು ಹೆಜ್ಜೆ ಹೋಗುವಷ್ಟರಲ್ಲಿ ತಲೆ ಮತ್ತೆ ಜೋಲಿತು. ಗಲ್ಲ ಎದೆಗೆ ತಾಗಿತು. ಕೊರ್.

ಹೋಗುತ್ತಿದ್ದವಳು ಗಕ್ಕನೆ ನಿಂತಳು. ತಿರುಗಿ ಬಂದು ಗಲ್ಲ ಎತ್ತಿದಳು: ಸದ್ದಿಲ್ಲ. ಬಿಟ್ಟಳು: ಕೊರ್. ಎತ್ತಿದಳು, ಬಿಟ್ಟಳು. ಏರು ರಸ್ತೆಯಲ್ಲಿ ಗಾಡಿಯವನು ಲಗಾಮು ಜಗ್ಗಿದ್ದು, ಕಂದು ಕುದುರೆಯ ಗಲ್ಲ ಎದೆಗೆ ಬಂದದ್ದು ನಿನ್ನೆ ನಡೆದ ಹಾಗೆ ಕಣ್ಣ ಮುಂದೆ ನಿಂತಿತು. ತಡೆ ಹತ್ತಿರ ಬಂದಾಗ ಸವಾರ ಮಾಡುವುದೂ ಅದನ್ನೇ. ಲಗಾಮು ಬಿಗಿ ಹಿಡಿದು ಕುದುರೆಯ ಗಲ್ಲವನ್ನು ಒಳಕ್ಕೆ ತರುತ್ತಾನೆ. ಮತ್ತೆ ತಾನು? ಯಂತ್ರ ಅಲುಗೀತೆಂಬ ಹೆದರಿಕೆಗೆ ಪ್ರತಿಯೊಬ್ಬ ಸವಾರನಿಗೂ ಲಗಾಮು ಸಡಿಲ ಬಿಡು ಎಂದು ಹೇಳಿದವಳು ತಾನೇ! ರೋಗ ಹೊರಬರುವ ಬಾಗಿಲನ್ನು ತಾನೇ ಚಿಲಕ ಹಾಕಿ, ಹೊರಗೆ ದೀಪ ಹಿಡಿದು ಇಷ್ಟು ವರ್ಷ ಕಾದಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ.

ಇನ್ನೊಮ್ಮೆ ಗಲ್ಲ ಎತ್ತುವಾಗ ಅಪ್ಪ ಒಂದು ಕಣ್ಣು ತೆರೆದ.

“ಏನೇ ಅದು? ಜೀವ ಇದೆಯಾ ಇಲ್ವಾ ಅಂತ ನೋಡ್ತಿದ್ದೀಯಾ?”

“ಅಪ್ಪಾ, ನಿನ್ನ ಗೊರಕೆ!”

“ನಾನು ಗೊರಕೆ ಹೊಡೆಯಲ್ಲ.”

“ಹೊಡೀತೀಯಪ್ಪಾ. ದೇವರು ನಿನ್ನ ಗೊರಕೆ ನೂರು ವರ್ಷ ಇಡಲಿ!” ಎಂದು ಅವನ ಬೋಳು ತಲೆಗೆ ಮುತ್ತಿಟ್ಟು ಚೀಲ ಎತ್ತಿಕೊಂಡಳು.

“ಎಲ್ಲಿಗೆ ಹೊರಟೆ? ಆ ಕುದುರೆ ಹತ್ರನಾ? ತಡಿ, ನಾನೂ ಬರ್ತೀನಿ. ಅದರ ಗೊರಸು ಯಾರಾದ್ರೂ ಸರಿಯಾಗಿ ನೋಡಿದ್ದಾರಾ ಇಲ್ವಾ” ಎನ್ನುತ್ತಾ ಒಂದು ಕಾಲಿಗೆ ಚಪ್ಪಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಅಪ್ಪ ಅವಳ ಕಾರು ಹತ್ತಿದ.

ಅವರು ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ದೊಡ್ಡ ಡಾಕ್ಟ್ರು ಬಂದಾಗಿತ್ತು. ಈಗ ಬೆನ್ನು ಬಾಗಿದ್ದರೂ ದನಿ ಬಾಗಿರಲಿಲ್ಲ. ಕಟ್ಟೆಯ ಮೇಲೆ ಅವರ ಕರಿಯ ಪೆಟ್ಟಿಗೆ ತೆರೆದಿತ್ತು. ಸವಾರ ಸೋಮಾರಿಯನ್ನು ಹಿಂದಿನ ಅಂಗಳದ ಕಡೆಗೆ ನಡೆಸುತ್ತಿದ್ದ, ನಡೆಸುತ್ತಲೇ ಮೂಗು ಒರೆಸಿಕೊಳ್ಳುತ್ತಿದ್ದ.

“ನಿಲ್ಲಿಸಿ! ಇನ್ನೊಂದು ಸುತ್ತು” ಎಂದಳು ಏದುಸಿರಿನಲ್ಲಿ.

“ಮೇಡಂ, ಬೆಳಿಗ್ಗೆ ಮಾತಾಗಿದೆ” ಎಂದ ಯಜಮಾನ.

“ಬೆಳಿಗ್ಗೆ ತಪ್ಪು ನನ್ನದು, ಕುದುರೇದಲ್ಲ. ನನ್ನ ತಪ್ಪಿಗೆ ಅದನ್ನ ಮಲಗಿಸ್ತೀರಾ?”

ಯಜಮಾನ ದೊಡ್ಡ ಡಾಕ್ಟ್ರ ಮುಖ ನೋಡಿದ. ಅವರು ಗಡಿಯಾರ ನೋಡಿಕೊಂಡು, “ಸಾಯೋದಕ್ಕೆ ಯಾರಿಗೂ ಅವಸರ ಇರಲ್ಲ. ಓಡಿಸಲಿ ಬಿಡಿ” ಎಂದರು.

ಅವಳು ಸವಾರನ ಬಳಿ ಹೋದಳು. “ತಡೆ ಹಾರೋದು ಬೇಡ ಕಣಪ್ಪ. ಬಯಲಲ್ಲೇ ಜೋರಾಗಿ ಓಡಿಸು. ಆದರೆ ನಾನು ಕೈ ಎತ್ತಿದಾಗ, ತಡೆ ಮುಂದೆ ಇದೆ ಅಂದ್ಕೊಂಡು ಲಗಾಮು ಹೇಗೆ ಹಿಡೀತೀಯೋ ಹಾಗೇ ಹಿಡಿ. ಕೈ ಇಳಿಸಿದಾಗ ಬಿಟ್ಟುಬಿಡು.”

“ಬಿಗಿ ಹಿಡಿದ್ರೆ ನಿಮ್ಮ ಕ್ಯಾಮೆರಾ ಕಿತ್ತು ಬರುತ್ತಲ್ಲ ಡಾಕ್ಟ್ರಮ್ಮ? ನೀವೇ ಹೇಳ್ತಿದ್ರಿ...”

“ಕಿತ್ತು ಬಂದ್ರೆ ಬರಲಿ. ನೀನು ಹಿಡಿ.”

ಅಷ್ಟರಲ್ಲಿ ಅಪ್ಪ ಬಗ್ಗಿ ಸೋಮಾರಿಯ ಹಿಂಗಾಲು ಎತ್ತಿಯಾಗಿತ್ತು. “ಈ ಲಾಳ ಯಾರು ಹೊಡೆದದ್ದು? ಮೊಳೆ ನೋಡು, ಸೊಟ್ಟ! ರೋಗ ಇಲ್ಲೇ ಇದೆ, ನೀವು ಎಲ್ಲೆಲ್ಲೋ ಹುಡುಕ್ತೀರಿ.”

“ಅಪ್ಪಾ, ಕಾಲು ಬಿಡು.”

ಯಂತ್ರ ತೊಟ್ಟು ಸೋಮಾರಿ ಓಡಿತು. ಪರದೆಯ ಮುಂದೆ ನಾಲ್ವರೂ ತಲೆ ಕೂಡಿಸಿ ನಿಂತರು. ಕದಗಳು ತೆರೆದಿದ್ದವು, ಬೆಳಿಗ್ಗೆಯ ಹಾಗೆಯೇ. ಅವಳು ಕೈ ಎತ್ತಿದಳು. ಬಯಲಿನ ಆ ತುದಿಯಲ್ಲಿ ಸವಾರನ ಮೊಣಕೈ ಹಿಂದೆ ಬಂತು, ಕುದುರೆಯ ಕತ್ತು ಬಿಲ್ಲಾಯಿತು, ಗಲ್ಲ ಒಳಗೆ ಬಂತು.

ಎಡಗಡೆಯ ಕದ ಅಲುಗಿತು. ಒಮ್ಮೆ ನಡುಗಿತು. ಆಮೇಲೆ ಯಾರೋ ಆಚೆಯಿಂದ ತಳ್ಳಿದ ಹಾಗೆ ಒಳಕ್ಕೆ ಬಿದ್ದು, ಉಸಿರಿನ ದಾರಿಗೆ ಅಡ್ಡ ನಿಂತಿತು. ಒಂದು ಎಳೆಯಷ್ಟು ಸಂದು ಉಳಿಯಿತು. ಅದೇ ಗಳಿಗೆಗೆ ಬಯಲಿನಿಂದ ಆ ಸದ್ದು ತೇಲಿಬಂತು: ಕೊರ್, ಕೊರ್.

ಕೈ ಇಳಿಸಿದಳು. ಲಗಾಮು ಸಡಿಲವಾಯಿತು, ಕದ ತೆರೆಯಿತು, ಸದ್ದು ಸತ್ತಿತು.

ಯಜಮಾನ ಪರದೆಗೆ ಇನ್ನೂ ಹತ್ತಿರ ಬಗ್ಗಿದ. “ಅಂದ್ರೆ... ತಡೆ ಮುಂದೆ ಬಂದಾಗೆಲ್ಲ ಇದಕ್ಕೆ ಉಸಿರೇ ಇರ್ತಿರಲಿಲ್ವಾ?”

“ಕತ್ತು ಹಿಸುಕಿ ಹಾರು ಅಂತಿದ್ವಿ. ಹಾರ್ತಾನೂ ಇತ್ತಲ್ಲ, ಅದು ಅದರ ದೊಡ್ಡಸ್ತಿಕೆ” ಎಂದಳು.

ದೊಡ್ಡ ಡಾಕ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇನ್ನೊಂದು ಸಲ ಮಾಡಿಸು.” ಮಾಡಿಸಿದಳು. ಕದ ಬಿತ್ತು, ಎದ್ದಿತು. “ಇನ್ನೊಂದು ಸಲ” ಎಂದರು. ಅದು ಅನುಮಾನದ ಮಾತಲ್ಲ, ಹೊಸ ಆಟಿಕೆ ಕಂಡ ಮಗುವಿನ ಮಾತು. ಆಮೇಲೆ ಕಟ್ಟೆಯ ಬಳಿ ಹೋಗಿ ಕರಿಯ ಪೆಟ್ಟಿಗೆಯನ್ನು ಮುಚ್ಚಿ ಕೊಂಡಿ ಹಾಕಿದರು. ಆ ಟಕ್ ಎಂಬ ಸದ್ದನ್ನು ಅವಳು ಮುಂದೆ ಎಷ್ಟೋ ಸಲ ನೆನೆದುಕೊಂಡಳು. ಸವಾರನಂತೂ ಜೀನಿನ ಮೇಲೆ ಕೂತಲ್ಲೇ ಕುದುರೆಯ ಕತ್ತನ್ನು ತಬ್ಬಿಕೊಂಡ.

“ನಿಂತ ಕುದುರೆಯಲ್ಲಿ ಇದು ಕಾಣಲ್ಲ” ಎಂದರು ದೊಡ್ಡ ಡಾಕ್ಟ್ರು, ತಮಗೆ ತಾವೇ.

“ಇಲ್ಲ ಸಾರ್.”

“ಅವತ್ತು ಬರ್ಕೋ ಅಂದಿದ್ನಲ್ಲ. ಬರ್ಕೊಂಡಿದ್ಯಾ?”

“ಇಲ್ಲ ಸಾರ್.”

“ಒಳ್ಳೇದಾಯ್ತು” ಎಂದು ನಕ್ಕರು. ಆ ನಗುವಿಗೂ ಕಾಲೇಜಿನ ಆ ದಿನದ ನಗುವಿಗೂ ಅಜಗಜಾಂತರ.

ರೋಗ ಕಂಡಮೇಲೆ ಮದ್ದು ದೂರವಿರಲಿಲ್ಲ. ಸಡಿಲ ಕದವನ್ನು ಗಟ್ಟಿ ದಾರದಿಂದ ಹಿಂದಕ್ಕೆ ಎಳೆದು ಹೊಲಿಗೆ ಹಾಕಿದರೆ ತೆರೆದೇ ನಿಲ್ಲುತ್ತದೆ. ಹೊಲಿದವಳು ಅವಳು. ಎದುರು ನಿಂತು ಕತ್ತರಿ ಕೊಟ್ಟವರು ದೊಡ್ಡ ಡಾಕ್ಟ್ರು. ಕೈ ನಡುಗುತ್ತದೆ, ಹೊಲಿಗೆ ನೀನು ಹಾಕು ಎಂದು ಅವರೇ ಹೇಳಿದ್ದರು. ಸೋಮಾರಿ ಲಾಯದಲ್ಲಿ ತಿಂದು ಮಲಗಿ, ಹೆಸರಿಗೆ ತಕ್ಕ ಹಾಗೆ ಕಾಲ ಕಳೆಯಿತು.

ಅಷ್ಟರಲ್ಲಿ ಡಾಕ್ಟ್ರಮ್ಮ ಸುಮ್ಮನಿರಲಿಲ್ಲ. ಹಿಂದೆ ಏನೂ ಇಲ್ಲವೆಂದು ಕಳಿಸಿದ್ದ ಕುದುರೆಗಳಲ್ಲಿ ಬದುಕಿ ಉಳಿದಿದ್ದವನ್ನೆಲ್ಲ ಮತ್ತೆ ಕರೆಸಿದಳು, ಲಗಾಮು ಬಿಗಿ ಹಿಡಿಸಿ ಓಡಿಸಿದಳು. ಮೈಗಳ್ಳ, ಹಟಮಾರಿ, ಮೊಂಡ ಎಂದು ಹೆಸರು ಹೊತ್ತವು ಎಷ್ಟೋ. ಒಂದೊಂದರ ಕದವೂ ಪರದೆಯ ಮೇಲೆ ಬಿದ್ದು ಸಾಕ್ಷಿ ಹೇಳಿತು. ಕುದುರೆ ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಅವಳು ಮಾತೇ ಆಡದೆ ಆ ಚಿತ್ರ ತೋರಿಸಿದಳು. ದೀಪ ಹತ್ತಿದಾಗ ಸಭೆಯೇ ಎದ್ದು ನಿಂತಿತ್ತು. ಅವಳನ್ನು ವೇದಿಕೆಗೆ ಕರೆದ ದೊಡ್ಡ ಡಾಕ್ಟ್ರು ಪದವಿಗಳನ್ನೆಲ್ಲ ಓದಿ, ಕಡೆಗೆ, “ನಾವೆಲ್ಲ ಕರೆಯೋದು ಗಂಟಲಮ್ಮ ಅಂತ” ಎಂದರು. ಚಪ್ಪಾಳೆ ಅದಕ್ಕೇ ಹೆಚ್ಚು ಬಿತ್ತು. ಓಡುವ ಕುದುರೆಯ ಗಲ್ಲವನ್ನು ಒಳಗೆ ತಂದು ಗಂಟಲು ನೋಡುವುದು ಕಾಲೇಜಿನ ಪಾಠವಾಯಿತು.

ಮುಂದಿನ ಪಂದ್ಯಕ್ಕೆ ಸೋಮಾರಿ ಬಂತು. ಹೆಸರು ಬದಲಿಸೋಣ ಎಂದು ಯಜಮಾನ ಹೇಳಿದರೆ ಸವಾರ ಒಪ್ಪಲಿಲ್ಲ. “ಸೋಮಾರಿ ಅಂತ ಬೈದವರೆಲ್ಲ ಸೋಮಾರಿ ಗೆದ್ದಳು ಅಂತಾನೇ ಹೇಳ್ಬೇಕು” ಎಂದ. ಮೈಕಿನವನು ಆ ಹೆಸರು ಕೂಗಿದಾಗ ಬೇಲಿಯ ಸುತ್ತ ಕೂತವರೆಲ್ಲ ನಕ್ಕರು.

ಅಪ್ಪ ಮುಂದಿನ ಸಾಲಿನಲ್ಲಿ ಕೂತು ಪಕ್ಕದವನಿಗೆ ವಿವರಿಸುತ್ತಿದ್ದ: “ಆ ಸೊಟ್ಟ ಮೊಳೆ ಕಿತ್ತು ಹೊಸ ಲಾಳ ಹೊಡೆದದ್ದು ನಾನು. ಆಮೇಲೆ ನನ್ನ ಮಗಳೂ ಏನೋ ಒಂದಿಷ್ಟು ಹೊಲಿದಳು ಅನ್ನಿ.”

ಮೊದಲ ತಡೆ, ಎರಡನೆಯದು, ಮೂರನೆಯದು. ಹಿಂದೆಲ್ಲ ನಿಂತುಬಿಡುತ್ತಿದ್ದ ಜಾಗ ಬಂತು. ಸವಾರನ ಮೊಣಕೈ ಹಿಂದೆ ಸರಿಯಿತು, ಕತ್ತು ಬಿಲ್ಲಾಯಿತು. ಡಾಕ್ಟ್ರಮ್ಮನಿಗೆ ನೋಡಲಾಗಲಿಲ್ಲ. ಕಣ್ಣು ಮುಚ್ಚಿ ಕಿವಿಯನ್ನಷ್ಟೇ ತೆರೆದಿಟ್ಟಳು. ಕೊರ್ ಎನ್ನುತ್ತದೆಯೇ? ಈಗ? ಈಗ? ಮಣ್ಣಿಗೆ ಬಡಿಯುವ ಗೊರಸುಗಳು ಬಿಟ್ಟರೆ ಏನೂ ಇಲ್ಲ. ಆಮೇಲೆ ಗೊರಸಿನ ಸದ್ದೂ ನಿಂತಿತು. ಅಂದರೆ ಕುದುರೆ ಗಾಳಿಯಲ್ಲಿದೆ. ಮತ್ತೆ ಧಡ್ ಎಂದು ಇಳಿಯಿತು, ಮತ್ತೆ ಓಡಿತು. ಆಚೆಯ ತಡೆ, ಅದರಾಚೆಯ ತಡೆ, ಕಡೆಯ ತಡೆ. ನಗುತ್ತಿದ್ದವರು ಬೆಂಚಿನ ಮೇಲೆ ಹತ್ತಿ ನಿಂತು, “ಸೋಮಾರಿ! ಸೋಮಾರಿ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ತಡೆಯ ಒಂದು ಅಡ್ಡಮರವೂ ಉರುಳಲಿಲ್ಲ. ಅಷ್ಟು ಬೇಗ ಆ ಬಯಲನ್ನು ಸುತ್ತಿದ ಕುದುರೆ ಆ ದಿನ ಇನ್ನೊಂದಿರಲಿಲ್ಲ.

ಅವಳು ಕಣ್ಣು ತೆರೆದಾಗ ಅಪ್ಪ ಕೋಲು ಊರಿಕೊಂಡು ಎದ್ದು ನಿಂತಿದ್ದ. ಮುಖವೆಲ್ಲ ಬೆಳಗುತ್ತಿತ್ತು.

“ಕೇಳಿಸ್ತೇನೆ? ಬೇರೆ ಏನಾದ್ರೂ ಕೇಳಿಸ್ತಾ? ಬರೀ ಗೊರಸು! ನಾನು ಮೊದಲಿಂದ ಹೇಳ್ತಾ ಬಂದಿಲ್ವಾ, ಎಲ್ಲ ಇರೋದು ಗೊರಸಲ್ಲೇ ಅಂತ?”

ಇಷ್ಟು ವರ್ಷ ಅವಳು ಕೇಳಬೇಕೆಂದಿದ್ದದ್ದೂ ಅದೊಂದೇ ಸದ್ದು, ಬೇರೇನೂ ಬೆರೆಯದ ಬರೀ ಗೊರಸು. ಅವಳು ಕಣ್ಣೊರೆಸಿಕೊಂಡು ಅಪ್ಪನ ತೋಳು ಹಿಡಿದಳು.

“ಹೌದಪ್ಪಾ, ಗೊರಸೇ. ನಡಿ, ನಿನ್ನ ಕುದುರೆನ ಮಾತಾಡಿಸಿಕೊಂಡು ಬರೋಣ.”